ಬಾರದವರ ಲೆಕ್ಕ

ಮಯೂರ್ ವಿಹಾರದ ಬಸ್ ನಿಲ್ದಾಣಗಳಲ್ಲಿ ಗಾಲಿಕುರ್ಚಿಯವರು ಕಾಣುವುದೇ ಅಪರೂಪ. ಅವರಿಗಾಗಿ ಇಷ್ಟೆಲ್ಲ ಖರ್ಚು ಏಕೆ ಎಂದು ಸ್ನೇಹಿತರೊಬ್ಬರು ಕೇಳಿದರು. ಪ್ರಾಜೆಕ್ಟ್‌ಗಳ ಲೆಕ್ಕ ಹಾಕುವ ನನಗೆ ಈ ಭಾಷೆ ಪರಿಚಿತ. ಆದರೆ ಇದು ಬಾಗಿಲು ಹಾಕಿಕೊಂಡು ಅತಿಥಿಗಳನ್ನು ಎಣಿಸಿದಂತೆ.

ಸಾಕಷ್ಟು ಖರ್ಚು ಆಗಲೇ ಆಗಿದೆ. ದೆಹಲಿಯ ಲೋ-ಫ್ಲೋರ್ ಬಸ್ಸಿನ ನೆಲ ರಸ್ತೆಯಿಂದ ಸುಮಾರು 400 ಮಿ.ಮೀ. ಎತ್ತರ, ಬಾಗಿಲಲ್ಲಿ ಮಡಚುವ ರ‍್ಯಾಂಪ್ ಇದೆ. ಬಸ್ಸು ಕಟ್ಟೆಗೆ ಒತ್ತಿ ನಿಂತರೆ ಮಾತ್ರ ಅದು ಸಲೀಸು. ಅಲ್ಲಿ ಕಾರು, ಇ-ರಿಕ್ಷಾ ನಿಂತಿದ್ದರೆ ಬಸ್ಸು ನಡುರಸ್ತೆಯಲ್ಲೇ ನಿಲ್ಲುತ್ತದೆ. ನಾವು ಓಡಿ ಹತ್ತುತ್ತೇವೆ, ಗಾಲಿಕುರ್ಚಿಯವರು ಉಳಿಯುತ್ತಾರೆ. ಮರುದಿನ ಬರುವುದಿಲ್ಲ. ಆ ಗೈರುಹಾಜರಿಯನ್ನೇ ನಾವು ‘ಬೇಡಿಕೆ ಇಲ್ಲ’ ಎಂದು ಓದುತ್ತೇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಸ್ ನಿಲ್ದಾಣವನ್ನು ಹೆಸರಿಸಿಯೇ ಸರ್ಕಾರಕ್ಕೆ ಹೊಣೆ ಹೊರಿಸಿದೆ. 2024ರ ನವೆಂಬರಿನಲ್ಲಿ, ರಾಜೀವ್ ರತೂರಿ ಪ್ರಕರಣದಲ್ಲಿ, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ನಿಯಮ ಬೇಕು ಎಂದಿತು ಸುಪ್ರೀಂ ಕೋರ್ಟ್. ಎಷ್ಟು ಜನ ಎಂದು ಕಾಯ್ದೆ ಕೇಳುವುದಿಲ್ಲ. ಒಬ್ಬರಿದ್ದರೂ ಹಕ್ಕು ಹಕ್ಕೇ.

ತಲೆ ಎಣಿಸಿಯೇ ಜಾಗ ಕೊಡುವುದಾದರೆ, ಈ ಊರಿನಲ್ಲಿ ಕನ್ನಡಿಗರಾದ ನಮ್ಮ ಪಾಲಿಗೆ ಎಷ್ಟು ಉಳಿಯುತ್ತಿತ್ತು?