ಅರ್ಧ ಮಿಲಿಮೀಟರ್ ಸಾಗವಾನಿ

ಹೊರಗೆ ಕಾಣುವುದು ಒಂದು, ಒಳಗಿರುವುದು ಇನ್ನೊಂದು ಎಂದಾದರೆ ಅದನ್ನು ಮೋಸ ಎನ್ನಬೇಕೇ? ಪುಣೆಯಂಥ ಊರಿನಲ್ಲಿ ಸಂಸಾರ ಹೂಡಿದ ನಮ್ಮಂಥವರಿಗೆ ಈ ಹಳೆಯ ಪ್ರಶ್ನೆ ಒಂದು ಕಪಾಟು ಮಾಡಿಸುವಾಗಲೂ ಎದುರಾಗುತ್ತದೆ. ಇಡೀ ಕಪಾಟನ್ನು ಸಾಗವಾನಿಯಲ್ಲೇ ಮಾಡಿಸಲು ಕಿಸೆ ಒಪ್ಪುವುದಿಲ್ಲ. ಆಗ ಬಡಗಿ ಸೂಚಿಸುವುದು ವಿನಿಯರ್.

ಮರದ ದಿಮ್ಮಿಯನ್ನು ಹರಿತವಾದ ಅಲಗಿನಿಂದ ಹೆರೆದು ತೆಗೆದ ಹಾಳೆ ಅದು. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅಂಗಡಿಯಲ್ಲಿ ಸಾಮಾನ್ಯವಾಗಿ ತೆಳು ಪ್ಲೈವುಡ್ ಮೇಲೆ ಅಂಟಿಕೊಂಡೇ ಸಿಗುತ್ತದೆ. 8 ಅಡಿ ಉದ್ದ, 4 ಅಡಿ ಅಗಲ. ಸನ್‌ಮೈಕಾದಲ್ಲಿ ಕಾಣುವ ಮರ ಕಾಗದಕ್ಕೆ ಹಾಕಿದ ಅಚ್ಚು. ವಿನಿಯರ್ ಮಾತ್ರ ಮರವೇ.

ನಮ್ಮ ಕಪಾಟು ಸಿದ್ಧವಾದ ಮೇಲೆ ಧಾರವಾಡದಿಂದ ಬಂದ ಸೋದರಮಾವ ಬಾಗಿಲನ್ನು ಬೆರಳಿನಿಂದ ಬಡಿದು ಕೇಳಿದರು: "ಖರೇ ಸಾಗವಾನಿ ಏನೋ ಇದು?"

"ಮ್ಯಾಲಿಂದು ಖರೇ, ಮಾಮಾ. ಒಳಗ ಪ್ಲೈವುಡ್ ಅದ."

"ಹಂಗಾರ ಸೋಗು ಅನ್ನು."

ಸೋಗು ಹೌದೇ? ಲೆಕ್ಕ ಹಾಕಿ ನೋಡಿ. ಒಂದಂಗುಲ ದಪ್ಪದ ಹಲಗೆಗೆ ಬೇಕಾಗುವ ಮರದಿಂದ ಇಂಥ ಐವತ್ತು ಹಾಳೆ ತೆಗೆಯಬಹುದು. ನಮ್ಮ ಕಾಡಿನ ಬೀಟೆ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಪಟ್ಟಿಯಲ್ಲಿದೆ. ಅಂಥ ಮರವನ್ನು ಹಾಳೆಯಾಗಿ ಬಳಸುವುದು ಸೋಗಲ್ಲ, ಮಿತವ್ಯಯ. ಆದರೆ ಮಾಮಾ ಹೇಳಿದ್ದರಲ್ಲೂ ತಿರುಳಿದೆ. ಗಟ್ಟಿ ಮರದ ಬಾಗಿಲಿಗೆ ಮೊಮ್ಮಗ ಕೂಡ ರಂದಾ ಹೊಡೆದು ಹೊಸ ಮೈ ತರಬಹುದು. ವಿನಿಯರನ್ನು ಉಪ್ಪುಕಾಗದದಿಂದ ಎರಡು ಸಲ ಜೋರಾಗಿ ತಿಕ್ಕಿದರೆ ಪ್ಲೈವುಡ್ ಹಲ್ಲು ಕಿರಿಯುತ್ತದೆ. ಗಟ್ಟಿ ಮರವೆಂದು ನಂಬಿ ಕೊಂಡವನು ಆಗ ನಷ್ಟಪಡುತ್ತಾನೆ. ಹಾಗಾಗಿ ಮೋಸ ಹಾಳೆಯಲ್ಲಿಲ್ಲ. ಇನ್ನೊಬ್ಬರು ನಂಬಿ ಭಾರ ಹಾಕುವಾಗ ಒಳಗೇನಿದೆಯೆಂದು ಹೇಳದೆ ಸುಮ್ಮನಿರುವುದರಲ್ಲಿದೆ.

ಈ ಕೆಲಸದಲ್ಲಿ ಆರಿಸುವಾಗಲೂ ಅಂಟಿಸುವಾಗಲೂ ನಿಯತ್ತು ಬೇಕು. ಅಕ್ಕಪಕ್ಕದ ಬಾಗಿಲುಗಳಿಗೆ ಒಂದೇ ದಿಮ್ಮಿಯಿಂದ ಸಾಲಾಗಿ ಬಂದ ಹಾಳೆಗಳನ್ನೇ ಕೇಳಿ ಪಡೆಯಬೇಕು, ಇಲ್ಲದಿದ್ದರೆ ಎಳೆ ಕೂಡುವುದಿಲ್ಲ. ಒದ್ದೆ ಬಟ್ಟೆಯಿಂದ ಒಂದು ಮೂಲೆ ಒರೆಸಿ ನೋಡಿದರೆ ಪಾಲಿಶ್ ಆದಮೇಲಿನ ಬಣ್ಣದ ಅಂದಾಜು ಸಿಗುತ್ತದೆ. ಧೂಳಿಲ್ಲದ ಹಲಗೆಗೆ ಅಂಟನ್ನು ಒಂದೇ ಸಮ ಹರಡಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಗಾಳಿ ಹೊರಡಿಸಿ, ಅಂಟು ಪೂರ್ತಿ ಒಣಗುವ ತನಕ ಭಾರ ಹೇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗೂ ಕಾಣದ ಒಳಮೈಗೂ ಒಂದು ಹಾಳೆ ಅಂಟಿಸಬೇಕು. ದುಡ್ಡು ಉಳಿಸಲು ಅದನ್ನು ಬಿಟ್ಟರೆ ಮಳೆಗಾಲದ ತೇವಕ್ಕೆ ಎರಡು ಮೈಗಳು ಬೇರೆ ಬೇರೆ ರೀತಿ ಹಿಗ್ಗಿ ಬಾಗಿಲು ಡೊಂಕಾಗುತ್ತದೆ.

ಹೊರನಾಡಿನಲ್ಲಿ ಬದುಕುವ ನಾವೂ ಹೀಗೆ ಹಾಳೆ ಅಂಟಿಸಿಕೊಂಡವರೇ. ಆಫೀಸಿನಲ್ಲಿ ಹಿಂದಿ, ಸೊಸೈಟಿಯ ಸಭೆಯಲ್ಲಿ ಮರಾಠಿ. "ನೀವು ಕನ್ನಡದವರು ಅಂತ ಗೊತ್ತೇ ಆಗೂದಿಲ್ಲ" ಎಂದು ನೆರೆಯವರು ಹೊಗಳುತ್ತಾರೆ. ಊರಿನವರು ಇದನ್ನು ಸೋಗು ಎನ್ನಬಹುದು. ನಾನು ಒಪ್ಪುವುದಿಲ್ಲ. ನೆರೆಯವರ ಸುಖದುಃಖ ಕೇಳಲು ಕಲಿತ ಮರಾಠಿ ತೆಳುವಾಗಿರಬಹುದು, ಆದರೆ ಅದು ಅಚ್ಚು ಹಾಕಿದ ಚಿತ್ರವಲ್ಲ.

ನನ್ನನ್ನು ಕಾಡುವುದು ಒಳಮೈ. ಹೊರಗಿನ ಭಾಷೆಗೆ ದಿನವೂ ಪಾಲಿಶ್ ಕೊಡುವ ನಾವು ಮನೆಯ ಕನ್ನಡಕ್ಕೆ ಏನು ಸೇರಿಸುತ್ತಿದ್ದೇವೆ? ನಮ್ಮ ಮಕ್ಕಳು ಫೋನಿನಲ್ಲಿ ಅಜ್ಜಿಗೆ "ಆರಾಮ ಇದ್ದೀ? ಊಟ ಆತು?" ಎನ್ನುತ್ತಾರೆ. ಕೇಳಿ ಅಜ್ಜಿ ಹಿಗ್ಗುತ್ತಾಳೆ, ಮೊಮ್ಮಕ್ಕಳಿಗೆ ತನ್ನ ಮಾತು ಬರುತ್ತದೆಂದು ನಂಬುತ್ತಾಳೆ. ನಾಳೆ ಅದೇ ನಂಬಿಕೆಯಿಂದ ತನ್ನ ನೋವು, ಅಂಜಿಕೆಗಳನ್ನು ಅವರೆದುರು ಹೇಳಿಕೊಂಡರೆ ಆ ಐದಾರು ಮಾತು ಸಾಲುವುದಿಲ್ಲ. ಅಜ್ಜಿಗೆ ಇದನ್ನು ಈಗಲೇ ತಿಳಿಸಬೇಕು, ಇಲ್ಲವೇ ಮಕ್ಕಳ ಕನ್ನಡವನ್ನು ದಪ್ಪಗೊಳಿಸಬೇಕು. ಎರಡನೆಯದಕ್ಕೆ ಇನ್ನೂ ಸಮಯವಿದೆ.