ಸೊನ್ನೆ ಬಾಡಿಗೆಯ ಲೆಕ್ಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅದಕ್ಕೇ ಇರಬೇಕು, ವರ್ತಕನ ಪರವಾಗಿ ಸುಂಕದವನೊಡನೆ ಮಾತನಾಡಲು ಕ್ಲಿಯರಿಂಗ್ ಏಜೆಂಟ್ ಹುಟ್ಟಿಕೊಂಡ. ಅವನ ಜೊತೆಗೆ ಹಡಗಿನಲ್ಲಿ ಜಾಗ ಹಿಡಿದು ಸರಕು ಸಾಗಿಸಿಕೊಡುವ ಫಾರ್ವರ್ಡರ್. ಮುಂಬಯಿಯ ಬಲ್ಲಾರ್ಡ್ ಎಸ್ಟೇಟಿನಲ್ಲಿಯೂ, 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆದ ಮೇಲೆ ಆಚೆ ದಡದಲ್ಲಿಯೂ ಇಂಥ ಸಂಸ್ಥೆಗಳಿಗೆ ಬರವಿಲ್ಲ. ಪೈಪೋಟಿಯೂ ಅಷ್ಟೇ ಬಿರುಸು. ಪೈಪೋಟಿಯಿಂದ ಗಿರಾಕಿಗೆ ಲಾಭವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಿರಾಕಿ ಯಾರು ಎಂಬ ಪ್ರಶ್ನೆ ಇಲ್ಲಿ ಕೊಂಚ ತೊಡಕಿನದು.

ಇಡೀ ಕಂಟೇನರ್ ತುಂಬುವಷ್ಟು ಸರಕಿಲ್ಲದ ಸಣ್ಣ ವರ್ತಕರ ಪೆಟ್ಟಿಗೆಗಳನ್ನು ಒಟ್ಟುಗೂಡಿಸಿ ಒಂದೇ ಕಂಟೇನರಿನಲ್ಲಿ ಕಳಿಸುವ ವ್ಯವಹಾರವಿದೆ. ಚೀನಾದಿಂದ ನಮ್ಮ ಬಂದರುಗಳಿಗೆ ಬರುವ ಇಂಥ ಸರಕಿನ ಬಾಡಿಗೆ ಪೈಪೋಟಿಯಲ್ಲಿ ಇಳಿದು ಇಳಿದು ಸೊನ್ನೆಯಾದದ್ದುಂಟು, ಸೊನ್ನೆಗಿಂತ ಕೆಳಗಿಳಿದದ್ದೂ ಉಂಟು. ಅಂದರೆ ಸರಕು ಕಳಿಸುವವನಿಗೆ ಫಾರ್ವರ್ಡರೇ ಕೈಯಿಂದ ಹಣ ಕೊಡುತ್ತಾನೆ! ವಿಜ್ಞಾನ ಓದಿದ ನಮಗೆ ಋಣಸಂಖ್ಯೆ ಹೊಸದಲ್ಲ. ಸಮುದ್ರ ದಾಟಿಸುವ ಕೂಲಿಯೇ ಋಣಸಂಖ್ಯೆಯಾಗುವುದು ಮಾತ್ರ ಹೊಸದು. ಆ ಹಣ ಬರುವುದೆಲ್ಲಿಂದ? ಇತ್ತ ಆಮದುದಾರ ಡೆಲಿವರಿ ಆರ್ಡರಿಗಾಗಿ ಬಂದು ನಿಂತಾಗ ಫಾರ್ವರ್ಡರನ ಸ್ಥಳೀಯ ಏಜೆಂಟ್ ಬಗೆಬಗೆಯ ಹೆಸರಿನ ಚಾರ್ಜುಗಳ ಉದ್ದನೆಯ ಬಿಲ್ಲು ಮುಂದಿಡುತ್ತಾನೆ. ಚೌಕಾಸಿಗೆ ಎಡೆಯಿಲ್ಲ. ಹಣ ಕಟ್ಟದೆ ಆರ್ಡರಿಲ್ಲ, ಆರ್ಡರಿಲ್ಲದೆ ಸರಕಿಲ್ಲ. ದಿನ ಕಳೆದಂತೆ ಗೋದಾಮಿನ ಬಾಡಿಗೆ ಬೇರೆ. ಫಾರ್ವರ್ಡರನನ್ನು ಆರಿಸಿದವನು ಅಲ್ಲಿ, ತೆರುವವನು ಇಲ್ಲಿ.

ಇದು ಮೋಸವೇ? ಕಾಗದದಲ್ಲಿ ಯಾರೂ ಸುಳ್ಳು ಬರೆದಿಲ್ಲ. ಎಲ್ಲರೂ ಹೀಗೆಯೇ ಮಾಡುವಾಗ ತಾನೊಬ್ಬ ಬಿಟ್ಟರೆ ಬಾಗಿಲು ಮುಚ್ಚಬೇಕಾದೀತೆಂಬ ವಾದವೂ ಪೊಳ್ಳಲ್ಲ. ಅವನೂ ಗುಮಾಸ್ತರಿಗೆ ಒಂದನೆಯ ತಾರೀಕು ಸಂಬಳ ಕೊಡಬೇಕು. ಆದರೂ, ಮಾತುಕತೆಯ ಜಾಗದಲ್ಲೇ ಇಲ್ಲದವನ ಜೇಬಿನಿಂದ ಕೊಡುವ ರಿಯಾಯಿತಿಯನ್ನು ಪೈಪೋಟಿ ಎಂದು ಕರೆಯಲು ನಮ್ಮ ಮನಸ್ಸು ಒಪ್ಪದು. ಎಫ್.ಓ.ಬಿ. ಕರಾರಿನ ಮೇಲೆ ತರಿಸಿದರೆ ಆಮದುದಾರನೇ ಫಾರ್ವರ್ಡರನನ್ನು ಆರಿಸಬಹುದು, ನಿಜ. ಆದರೆ ಸಣ್ಣವರ ಕಣ್ಣಿಗೆ ಬಾಡಿಗೆ ಸೇರಿಸಿ ಹೇಳಿದ ಬೆಲೆಯೇ ಅಗ್ಗವಾಗಿ ಕಾಣುತ್ತದೆ.

ಕ್ಲಿಯರಿಂಗ್ ಏಜೆಂಟನ ಚೌಕಾಸಿಯಲ್ಲಿಯೂ ಒಬ್ಬರು ಗೈರುಹಾಜರು: ಸರ್ಕಾರದ ಬೊಕ್ಕಸ. ಗಿರಾಕಿಗೆ ಕಾನೂನು ಪಾಲಿಸಲು ತಿಳಿಹೇಳಬೇಕು, ಪಾಲಿಸದಿದ್ದರೆ ಕಸ್ಟಮ್ಸ್ ಅಧಿಕಾರಿಗಳಿಗೆ ತಿಳಿಸಬೇಕು ಎಂದು 2018ರಲ್ಲಿ ಹೊರಡಿಸಿದ ಲೈಸೆನ್ಸಿಂಗ್ ನಿಯಮಾವಳಿಯ 10ನೆಯ ನಿಯಮ ವಿಧಿಸಿದೆ. ಕೂಲಿ ಕೊಡುವವನ ಮೇಲೆಯೇ ದೂರು! ತಿಳಿಸಿದರೆ ಗಿರಾಕಿ ಪಕ್ಕದ ಕಚೇರಿಯ ಮೆಟ್ಟಿಲು ಹತ್ತುತ್ತಾನೆ. ತಿಳಿಸದಿದ್ದರೆ ಲೈಸೆನ್ಸಿಗೇ ಸಂಚಕಾರ. ಸರಕಿನ ಬೆಲೆ ಕಡಿಮೆ ತೋರಿಸೋಣವೆಂದವನಿಗೆ ಬುದ್ಧಿ ಹೇಳಿದ ಶ್ರಮಕ್ಕೆ ಬಿಲ್ಲಿನಲ್ಲಿ ಕಾಲಮ್ ಇಲ್ಲ. ಟೆಂಡರುಗಳಲ್ಲಿ ಕನಿಷ್ಠ ದರ ಹುಡುಕುವುದು ನಮ್ಮಂಥ ಸರ್ಕಾರಿ ಗುಮಾಸ್ತರಿಗೆ ಕೈಗೆ ಹತ್ತಿದ ಅಭ್ಯಾಸ. ಅಲ್ಲಿಯೂ ಆ ಕಾಲಮ್ ಕಾಣೆವು. ಹೆಚ್ಚು ದರ ಹೇಳಿದವನನ್ನು ದುರಾಸೆಯವನೆಂದು ಬಿಡುವ ಮೊದಲು, ಆ ಹೆಚ್ಚಿನ ಹಣ ಯಾವ ಕೆಲಸಕ್ಕೆಂದು ವಿಚಾರಿಸುವ ವರ್ತಕರೂ ಇದ್ದಾರೆ. ಅಂಥವರು ಏಜೆಂಟನನ್ನು ವರ್ಷಕ್ಕೊಮ್ಮೆ ಬದಲಾಯಿಸುವುದಿಲ್ಲ.