ವೈಮಾನಿಕನ ಶಿಕ್ಷಣದ ವೆಚ್ಚವು ಯಾರ ಹೊಣೆ?

ವಿದ್ಯೆಯು ಕಲಿತವನ ಸೊತ್ತೆಂಬುದರಲ್ಲಿ ವಿವಾದವಿಲ್ಲ. ಆದರೆ ಅದನ್ನು ಸಂಪಾದಿಸುವುದಕ್ಕೆ ತಗಲುವ ವೆಚ್ಚವು ಯಾರ ತಲೆಯ ಮೇಲೆ ಬೀಳತಕ್ಕದ್ದು ಎಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ. ಒಬ್ಬನು ತನ್ನ ಬಾಳಿಗೆಂದು ಕಲಿತರೆ ಒಂದು ಮಾತು. ಕೆಲಸ ಕೊಡುವ ಯಜಮಾನನೇ ‘ಇದನ್ನು ಕಲಿತ ಹೊರತು ನನ್ನಲ್ಲಿ ನಿನಗೆ ಸ್ಥಳವಿಲ್ಲ’ ಎಂದರೆ ಬೇರೊಂದು ಮಾತು. ಈ ಎರಡನೆಯ ಬಗೆಗೆ ವೈಮಾನಿಕನ ವೃತ್ತಿಯು ಅತ್ಯಂತ ಸ್ಪಷ್ಟವಾದ ದೃಷ್ಟಾಂತವಾದುದರಿಂದ ಅದನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ಈ ವಿಷಯವು ಬಳ್ಳಾರಿಯವರಾದ ನಮಗೆ ದೂರದ್ದೇನೂ ಅಲ್ಲ. 1932ನೆಯ ಇಸವಿಯ ಅಕ್ಟೋಬರದಲ್ಲಿ ಟಾಟಾ ಸಂಸ್ಥೆಯವರು ಕರಾಚಿಯಿಂದ ಮದರಾಸಿಗೆ ವಿಮಾನದ ಟಪಾಲನ್ನು ಆರಂಭಿಸಿದಾಗ ಅದರ ಹಾದಿಯು ಅಹಮದಾಬಾದು, ಮುಂಬಯಿ, ಬಳ್ಳಾರಿಗಳ ಮೂಲಕ ಹೋಗುತ್ತಿತ್ತು. ಮುಂಬಯಿಯ ತನಕ ಜೆ. ಆರ್. ಡಿ. ಟಾಟಾ ಅವರೂ, ಅಲ್ಲಿಂದ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ನೆವಿಲ್ ವಿನ್ಸೆಂಟರೂ ವಿಮಾನವನ್ನು ನಡೆಯಿಸಿದರು. ವಿನ್ಸೆಂಟರು ಬ್ರಿಟಿಷ್ ವಾಯುಸೇನೆಯಲ್ಲಿ ಪಳಗಿದವರು. ಎಂದರೆ ಅವರ ವಿದ್ಯೆಗೆ ವೆಚ್ಚ ಮಾಡಿದುದು ಒಂದು ದೇಶದ ಬೊಕ್ಕಸ, ಅದರ ಫಲವನ್ನುಂಡುದು ಒಂದು ವ್ಯಾಪಾರಸಂಸ್ಥೆ. ಒಬ್ಬನು ಬಿತ್ತಿದುದನ್ನು ಮತ್ತೊಬ್ಬನು ಕೊಯ್ಯುವ ಈ ತೊಡಕು ಆ ಟಪಾಲಿನ ಚೀಲದೊಂದಿಗೇ ನಮ್ಮ ಊರಿಗೆ ಬಂದಿಳಿಯಿತೆನ್ನಬಹುದು.

ಈಗಿನ ಕ್ರಮವು ಹೀಗಿದೆ. ವೃತ್ತಿಯ ಪರವಾನಗಿಯನ್ನು ಬಯಸುವವನು ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟವನ್ನು ಮುಗಿಸಿರಬೇಕು. ಈ ವೆಚ್ಚವನ್ನು ಸಾಮಾನ್ಯವಾಗಿ ತಂದೆತಾಯಿಗಳೇ ಭರಿಸುತ್ತಾರೆ. ಆದರೆ ಪರವಾನಗಿಯು ಕೈಗೆ ಬಂದ ಮಾತ್ರಕ್ಕೆ ದೊಡ್ಡ ವಿಮಾನದಲ್ಲಿ ಕುಳಿತುಕೊಳ್ಳುವಂತಿಲ್ಲ. ಪ್ರತಿಯೊಂದು ಜಾತಿಯ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ಅರ್ಹತೆಯುಂಟು. 2017ರಲ್ಲಿ ಉಡಾನ್ ಯೋಜನೆಯ ಮೇರೆಗೆ ತೋರಣಗಲ್ಲಿಗೆ ಬಂದ ಎ.ಟಿ.ಆರ್. 72 ವಿಮಾನವನ್ನು ನಡೆಯಿಸಬಲ್ಲವನು ಏರ್‌ಬಸ್ 320ನ್ನು ಮುಟ್ಟಬೇಕಾದರೆ ಮತ್ತೆ ಶಿಷ್ಯನಾಗಬೇಕು. ಇದಕ್ಕೆ ಹಲವು ಲಕ್ಷ ರೂಪಾಯಿಗಳು ಬೇಕು. ಕೆಲವು ಸಂಸ್ಥೆಗಳು ಈ ಹಣವನ್ನು ತಾವೇ ಕೊಟ್ಟು ಇಷ್ಟು ವರ್ಷ ಸೇವೆ ಮಾಡಬೇಕೆಂದು ಮುಚ್ಚಳಿಕೆ ಬರೆಯಿಸಿಕೊಳ್ಳುತ್ತವೆ. ಕೆಲವು ಅಭ್ಯರ್ಥಿಯಿಂದಲೇ ಹಣವನ್ನು ಕಟ್ಟಿಸುತ್ತವೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳೋಣ. ಸಂಸ್ಥೆಯು ಹೇಳುವುದೇನೆಂದರೆ: ‘ನಾವು ಲಕ್ಷಗಟ್ಟಲೆ ಸುರಿದು ಒಬ್ಬನನ್ನು ತಯಾರು ಮಾಡುತ್ತೇವೆ. ಅವನು ಆರು ತಿಂಗಳಲ್ಲಿ ಹೆಚ್ಚು ಸಂಬಳದ ಆಸೆಗೆ ಎದುರು ಸಂಸ್ಥೆಯನ್ನು ಸೇರಿದರೆ ನಮ್ಮ ಹಣದಿಂದ ನಮ್ಮ ಪ್ರತಿಸ್ಪರ್ಧಿಯನ್ನೇ ಬೆಳೆಸಿದಂತಾಗುವುದು. ಅರ್ಹತೆಯು ಅವನೊಂದಿಗೆ ಹೋಗುವುದಾದುದರಿಂದ ಅವನೇ ಬೆಲೆ ಕೊಡಲಿ.’ ಈ ವಾದವು ತಳ್ಳಿಹಾಕತಕ್ಕದ್ದಲ್ಲ.

ಆದರೆ ಇದರಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಸಿರುಗುಪ್ಪದ ಭತ್ತದ ಗದ್ದೆಗೆ ಯಜಮಾನನು ಹೊಸ ಕೊಯ್ಲಿನ ಯಂತ್ರವನ್ನು ತರಿಸಿದನೆನ್ನಿ. ಚಾಲಕನು ಅದರ ಮರ್ಮವನ್ನು ತಿಳಿಯುವ ತನಕ ನೆಲಕ್ಕುದುರುವ ಕಾಳಿನ ನಷ್ಟವು ಯಜಮಾನನದೇ. ಯಂತ್ರವನ್ನು ಆರಿಸಿದವನು ಅವನು, ಲಾಭವನ್ನು ಎಣಿಸುವವನೂ ಅವನು. ಕಾಳಿನ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಂಡರೆ ಊರು ಮೆಚ್ಚುವುದಿಲ್ಲ. ಚಾಲಕನು ಆ ನೈಪುಣ್ಯದೊಂದಿಗೆ ಮರುವಾರವೇ ಬೇರೆ ಗದ್ದೆಗೆ ಹೋದರೆ ಅದನ್ನೂ ಊರು ಮೆಚ್ಚುವುದಿಲ್ಲ. ವೆಚ್ಚವು ಯಾರದೆಂಬುದು ಒಂದು ಪ್ರಶ್ನೆ, ಋಣವು ಹೇಗೆ ತೀರಬೇಕೆಂಬುದು ಇನ್ನೊಂದು. ಮೊದಲನೆಯದಕ್ಕೆ ಹಣವು ಉತ್ತರ. ಎರಡನೆಯದಕ್ಕೆ ಕಾಲವು ಉತ್ತರ.

ಈ ವಿವೇಕವು ನಮ್ಮ ಧರ್ಮಶಾಸ್ತ್ರಕಾರರಿಗೆ ಚೆನ್ನಾಗಿ ತಿಳಿದಿತ್ತು. ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರಷ್ಟೆ. ಅದೇ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಶಿಲ್ಪವನ್ನು ಕಲಿಯುವ ಅಂತೇವಾಸಿಯ ಧರ್ಮವು ಆ ಸ್ಮೃತಿಯಲ್ಲಿ ನಿರೂಪಿತವಾಗಿದೆ. ಅದರ ತಾತ್ಪರ್ಯವಿಷ್ಟು: ಶಿಷ್ಯನಿಗೆ ಗುರುವು ಅನ್ನವಿಕ್ಕತಕ್ಕದ್ದು, ಶಿಷ್ಯನು ವಿದ್ಯೆ ಬೇಗನೆ ಬಂದರೂ ಮಾತು ಕೊಟ್ಟ ಕಾಲದ ತನಕ ಗುರುಗೃಹದಲ್ಲಿದ್ದು ತನ್ನ ಕೆಲಸದ ಫಲವನ್ನು ಅವನಿಗೆ ಒಪ್ಪಿಸತಕ್ಕದ್ದು. ಅವನಿಂದ ಬೇರೆ ಚಾಕರಿಯನ್ನು ಮಾಡಿಸಕೂಡದೆಂದೂ ಮಗನಂತೆ ಕಾಣಬೇಕೆಂದೂ ನಾರದನು ಸೇರಿಸುತ್ತಾನೆ. ಗುರುವನ್ನು ನಡುವೆ ಬಿಟ್ಟುಹೋದವನಿಗೆ ಅವನು ವಿಧಿಸುವ ದೇಹದಂಡನೆಯು ಇಂದು ಗ್ರಾಹ್ಯವಲ್ಲ. ಆದರೆ ಅಲ್ಲಿಯೇ ಒಂದು ವಿಶೇಷಣವಿದೆ. ಅದು ಇಂದಿಗೂ ಅಮೂಲ್ಯವಾದುದು. ಗುರುವು ದೋಷರಹಿತನಾಗಿದ್ದರೆ ಮಾತ್ರ ಬಿಟ್ಟುಹೋಗುವುದು ಅಪರಾಧ.

ಈಗಿನ ನ್ಯಾಯಾಲಯವೂ ಕಾಲದ ಕಟ್ಟನ್ನು ಒಪ್ಪಿದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, ಕೊಡಬೇಕಾಗಿ ಬಂದ 2 ಲಕ್ಷ ರೂಪಾಯಿಗಳ ವಿಷಯವಾಗಿ ಮೊರೆಯಿಟ್ಟಾಗ ಕರ್ಣಾಟಕದ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಅದನ್ನು ತಿರುಗಿಸಿ ಬ್ಯಾಂಕಿನ ಕರಾರನ್ನು ಎತ್ತಿಹಿಡಿಯಿತು. ಸೇವೆಯಲ್ಲಿರುವಾಗಿನ ಇಂಥ ಕಟ್ಟು ವೃತ್ತಿಸ್ವಾತಂತ್ರ್ಯದ ಹರಣವಲ್ಲವೆಂದೂ ಮೊತ್ತವು ವಿಪರೀತವಲ್ಲವೆಂದೂ ಅದರ ಅಭಿಪ್ರಾಯ. ಹಿರಿಯ ವೈಮಾನಿಕನು 12 ತಿಂಗಳು, ಸಹವೈಮಾನಿಕನು 6 ತಿಂಗಳು ಮುಂಚಿತವಾಗಿ ತಿಳಿಸಿಯೇ ಕೆಲಸ ಬಿಡಬೇಕೆಂದು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು 2017ರಲ್ಲಿ ನಿಯಮ ಮಾಡಿತು. ಹೀಗೆ ಸಂಸ್ಥೆಯ ಕೈಯಲ್ಲಿ ರಕ್ಷಣೆಯು ಸಾಕಷ್ಟಿದೆ. ಹೀಗಿರಲಾಗಿ ಹಣವನ್ನೂ ಅಭ್ಯರ್ಥಿಯಿಂದಲೇ ಕೇಳುವುದು ಎರಡು ಕೈಯಿಂದ ಪಡೆದಂತೆ.

ಶಿಷ್ಯನಿಗೆ ರಕ್ಷಣೆಯೆಲ್ಲಿ? ಬೆಂಗಳೂರಿನ ಕಿಂಗ್‌ಫಿಶರ್ ಸಂಸ್ಥೆಯು 2012ರ ಅಕ್ಟೋಬರದಲ್ಲಿ ಹಾರಾಟವನ್ನು ನಿಲ್ಲಿಸಿದಾಗ ಅದರ ನೌಕರರಿಗೆ ಅನೇಕ ತಿಂಗಳ ಸಂಬಳವು ಸಂದಿರಲಿಲ್ಲ. ಅನ್ನವಿಕ್ಕದ ಗುರುವಿಗೆ ಶಿಷ್ಯನ ಕಾಲದ ಮೇಲೆ ಅಧಿಕಾರವೆಲ್ಲಿಯದು? ಆದಕಾರಣ ಕಟ್ಟು ಎರಡೂ ಕಡೆಗಿರಬೇಕು. ಸಂಬಳ ತಪ್ಪಿದ ದಿನ ಮುಚ್ಚಳಿಕೆಯೂ ಹರಿಯಬೇಕು.

ಇನ್ನೊಂದು ಮಾತು ಎಲ್ಲಕ್ಕಿಂತ ದೊಡ್ಡದು. ಹಣ ಕಟ್ಟಬಲ್ಲವನೇ ವೈಮಾನಿಕನಾಗುವುದಾದರೆ ಆಯ್ಕೆಯು ಯೋಗ್ಯತೆಯದಾಗದೆ ಸಿರಿತನದ್ದಾಗುವುದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನ ಮಗನು ಎಷ್ಟು ಚುರುಕಾಗಿದ್ದರೂ ಬಾಗಿಲಲ್ಲಿಯೇ ನಿಲ್ಲುವನು. ಹೊಲವನ್ನು ಒತ್ತೆಯಿಟ್ಟು ಒಳಹೊಕ್ಕವನ ಪಾಡು ಇನ್ನೂ ಕಠಿನ. ದಣಿದ ದಿನ ‘ಇಂದು ನಾನು ಹಾರಲಾರೆ’ ಎಂದು ಹೇಳುವುದು ವೈಮಾನಿಕನ ಪರಮಧರ್ಮ. ಸಾಲದ ಕಂತಿಗೆ ಅಂಜುವವನ ನಾಲಗೆಯಲ್ಲಿ ಆ ಮಾತು ಹೊರಡುವುದು ಕಷ್ಟ. ಅವನ ಬೆನ್ನ ಹಿಂದೆ ಕುಳಿತಿರುವ ನೂರೆಂಟು ಜೀವಗಳು ಆ ಒಂದು ಮಾತಿನ ಆಸರೆಯಲ್ಲಿವೆ.

ಆದುದರಿಂದ ನನಗೆ ತೋರುವ ಸಿದ್ಧಾಂತವಿದು. ಸಾಮಾನ್ಯ ಪರವಾನಗಿಯ ವೆಚ್ಚವು ಕಲಿಯುವವನದು; ಬಡವನಿಗೆ ಅದರಲ್ಲಿ ನೆರವಾಗುವುದು ಸರಕಾರದ ಕರ್ತವ್ಯ. ಸಂಸ್ಥೆಯು ತನ್ನ ವಿಮಾನಕ್ಕಾಗಿ ಬೇಡುವ ವಿಶೇಷ ಶಿಕ್ಷಣದ ವೆಚ್ಚವು ಸಂಸ್ಥೆಯದು. ಪ್ರತಿಯಾಗಿ ವೈಮಾನಿಕನು ಮಿತವಾದ ಕಾಲವನ್ನು ಕೊಡಲಿ. ಸೇವೆಯ ಒಂದೊಂದು ತಿಂಗಳಿಗೂ ಋಣವು ಅಷ್ಟಷ್ಟು ಇಳಿಯುತ್ತ ಬರಲಿ. ನಡುವೆ ಬಿಟ್ಟರೆ ಉಳಿದಷ್ಟನ್ನೇ ತೆರಲಿ. ಅವಧಿಯು ತೀರಿದ ಶಿಷ್ಯನು ಗುರುವಿಗೆ ನಮಸ್ಕರಿಸಿ ತನ್ನ ದಾರಿ ಹಿಡಿಯುವುದು ಶಾಸ್ತ್ರಸಮ್ಮತವೇ ಆಗಿದೆ. ಅವನನ್ನು ಆಗ ಕೃತಘ್ನನೆನ್ನುವ ಅಧಿಕಾರವು ಯಾರಿಗೂ ಇಲ್ಲ.